ತೋಬೀಯನ ಕೊಠಡಿಯೂ ನಮ್ಮ ದಶಮಾಂಶವೂ

ವರ್ಷಕ್ಕೊಮ್ಮೆ ನಮ್ಮ ಸಭೆಗಳಲ್ಲಿ ಮನೆವಾರ್ತೆಯ ಭಾನುವಾರ ಬರುತ್ತದೆ. ಅಂದು ಪ್ರಸಂಗಪೀಠದಿಂದ ಯಾವ ವೇದಭಾಗ ಓದಲ್ಪಡುವುದೆಂಬುದನ್ನು ಭಾನುವಾರಶಾಲೆಯ ಮಗುವೂ ಮುಂಚಿತವಾಗಿ ಹೇಳಬಲ್ಲದು. ಮಲಾಕಿಯನ ಮೂರನೆಯ ಅಧ್ಯಾಯ, ಎಂಟನೆಯ ವಚನದಿಂದ ಹತ್ತನೆಯ ವಚನದ ವರೆಗೆ. ದೇವರ ಸೊತ್ತನ್ನು ಕದ್ದುಕೊಳ್ಳುವವರ ಮೇಲಿನ ದೂರು, ದಶಮಾಂಶವನ್ನೆಲ್ಲ ಬಂಡಾರಕ್ಕೆ ತರಬೇಕೆಂಬ ಅಪ್ಪಣೆ, ತಂದರೆ ಸುರಿಯಲಿರುವ ಆಶೀರ್ವಾದದ ವಾಗ್ದಾನ. ಓದು ಮುಗಿಯುತ್ತದೆ, ಪ್ರಸಂಗ ನಡೆಯುತ್ತದೆ, ಕಾಣಿಕೆಯ ಲಕೋಟೆಗಳು ಹಂಚಲ್ಪಡುತ್ತವೆ. ಕಳ್ಳರೆನಿಸಿಕೊಂಡ ಸಭಿಕರು ತಲೆ ತಗ್ಗಿಸಿ ಮನೆಗೆ ಹೋಗುತ್ತಾರೆ.

ಈ ಓದಿನ ವಿಷಯದಲ್ಲಿ ನನ್ನದೊಂದು ತಕರಾರಿದೆ. ಎಂಟನೆಯ ವಚನದಿಂದಲೇ ಏಕೆ ಆರಂಭಿಸುತ್ತೇವೆ? ಅದಕ್ಕೆ ಮೂರೇ ವಚನ ಹಿಂದೆ, ಅದೇ ಅಧ್ಯಾಯದ ಐದನೆಯ ವಚನದಲ್ಲಿ, ದೇವರು ನ್ಯಾಯತೀರ್ಪಿಗಾಗಿ ತಾನೇ ಸಾಕ್ಷಿಯಾಗಿ ಬರುವೆನೆಂದು ಹೇಳಿ, ಯಾರ ಮೇಲೆ ಸಾಕ್ಷಿ ಹೇಳುವನೆಂಬುದನ್ನು ಒಬ್ಬೊಬ್ಬರನ್ನಾಗಿ ಎಣಿಸುತ್ತಾನೆ. ಮಾಟಗಾರರು, ವ್ಯಭಿಚಾರಿಗಳು, ಸುಳ್ಳಾಣೆ ಇಡುವವರು. ಇವರ ಸಾಲಿನಲ್ಲಿಯೇ ಕೂಲಿಯವನ ಕೂಲಿಯ ವಿಷಯದಲ್ಲಿ ಅನ್ಯಾಯ ಮಾಡುವವರು, ವಿಧವೆಯನ್ನೂ ಅನಾಥನನ್ನೂ ಬಾಧಿಸುವವರು, ಪರದೇಶಿಯ ನ್ಯಾಯವನ್ನು ತಪ್ಪಿಸುವವರು. ದಶಮಾಂಶದ ಮಾತು ಬರುವುದು ಇದಾದ ಮೇಲೆ. ಕೂಲಿ ಮೊದಲು, ದಶಮಾಂಶ ನಂತರ. ಈ ಕ್ರಮ ಪ್ರವಾದಿಯದು, ನನ್ನದಲ್ಲ. ನಾವು ಕತ್ತರಿಸಿ ಓದುವಾಗ ಐದನೆಯ ವಚನ ಕತ್ತರಿಯ ಆಚೆಗೆ ಬೀಳುತ್ತದೆ. ಅದು ಪ್ರತಿ ವರ್ಷವೂ ಅಲ್ಲಿಯೇ ಬೀಳುವುದು ಕೇವಲ ಆಕಸ್ಮಿಕವೆಂದು ನಂಬುವುದು ನನಗೆ ಕಷ್ಟ.

ಕೂಲಿಯ ವಿಷಯದಲ್ಲಿ ಸತ್ಯವೇದಕ್ಕೆ ಇರುವ ಅವಸರ ಬೇರಾವ ಹಣಕಾಸಿನ ವಿಷಯದಲ್ಲಿಯೂ ಇಲ್ಲ. ಬಡ ಕೂಲಿಯವನ ಕೂಲಿಯನ್ನು ಅದೇ ದಿನ ಸೂರ್ಯನು ಮುಳುಗುವುದರೊಳಗೆ ಕೊಡಬೇಕೆಂದು ಧರ್ಮೋಪದೇಶಕಾಂಡ ವಿಧಿಸುತ್ತದೆ (24:14-15). ಯಾಜಕಕಾಂಡ ಅದು ಬೆಳಗಿನ ತನಕವೂ ನಿನ್ನ ಬಳಿಯಲ್ಲಿ ಇರಬಾರದೆನ್ನುತ್ತದೆ (19:13). ಯಾಕೋಬನು ತಡೆಹಿಡಿದ ಕೂಲಿಗೇ ಬಾಯಿ ಕೊಟ್ಟು ಅದು ಕೂಗುವುದನ್ನು ಕೇಳಿಸುತ್ತಾನೆ (5:4). ಕೊಡುವವನ ಕೈಗೆ ಹಣ ಹೇಗೆ ಬಂತೆಂಬ ಪ್ರಶ್ನೆಯನ್ನು ಸತ್ಯವೇದ ಎಂದೂ ಬದಿಗಿಡುವುದಿಲ್ಲ. ಜಕ್ಕಾಯನು ಆಸ್ತಿಯ ಅರ್ಧವನ್ನು ಬಡವರಿಗೆ ಕೊಡುವೆನೆಂದು ಹೇಳಿದರೂ ಅಲ್ಲಿಗೇ ನಿಲ್ಲಲಿಲ್ಲ. ಅನ್ಯಾಯದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ಹಿಂದಿರುಗಿಸುವ ಲೆಕ್ಕವನ್ನು ಪ್ರತ್ಯೇಕವಾಗಿ ಹೇಳಿದನು. ದಾನ ಬೇರೆ, ಋಣ ಬೇರೆ. ನಮ್ಮ ಕಾಣಿಕೆ ತಟ್ಟೆಯ ಮುಂದೆ ಈ ಭೇದವೆಲ್ಲ ಅಳಿದುಹೋಗಿ, ನೋಟು ಎಲ್ಲಿಂದ ಬಂದರೂ ನೋಟೇ ಆಗಿಬಿಟ್ಟಿದೆ.

ಇನ್ನು ಆ ವಾಗ್ದಾನದ ಮಾತು. ಇತ್ತೀಚಿನ ದಶಕಗಳಲ್ಲಿ ಟಿ.ವಿ. ಪರದೆಯ ಮೇಲೂ ಬಯಲಿನ ಕೂಟಗಳಲ್ಲೂ ಮಲಾಕಿಯನ ಹತ್ತನೆಯ ವಚನ ಒಂದು ಹೂಡಿಕೆಯ ಯೋಜನೆಯಾಗಿ ಮಾರಾಟವಾಗುತ್ತಿದೆ: ಹತ್ತು ಕೊಟ್ಟರೆ ನೂರು ಬರುತ್ತದೆ, ಬಾರದಿದ್ದರೆ ನಿನ್ನ ನಂಬಿಕೆಯಲ್ಲಿ ಕೊರತೆ. ಇದರ ಗಾಳಿ ನಮ್ಮ ಹಳೆಯ ಸಭೆಗಳೊಳಗೂ ಬೀಸಿದೆ. ನಮ್ಮ ಭಾಷೆಯ ಒಂದು ಸೌಜನ್ಯವೂ ಈ ಅಪಾರ್ಥಕ್ಕೆ ನೆರವಾಗಿದೆಯೆಂದು ನನಗೆ ತೋರುತ್ತದೆ. ಕನ್ನಡದಲ್ಲಿ 'ನೀವು' ಎಂದರೆ ಹಲವರೂ ಹೌದು, ಗೌರವಕ್ಕೆ ಪಾತ್ರನಾದ ಒಬ್ಬನೂ ಹೌದು. ಪೀಠದಿಂದ 'ನಿಮಗೆ' ಎಂಬ ಮಾತು ಬಂದಾಗ ಕೇಳುಗನು ಅದನ್ನು ತನಗೊಬ್ಬನಿಗೇ ಹೇಳಿದ್ದೆಂದು ತೆಗೆದುಕೊಂಡು ತನ್ನ ಬ್ಯಾಂಕಿನ ಪುಸ್ತಕವನ್ನು ನೆನೆಯುತ್ತಾನೆ. ಇಬ್ರಿಯ ಮೂಲದಲ್ಲಿ ಅದು ನಿಸ್ಸಂದೇಹವಾಗಿ ಬಹುವಚನ. ಒಂಬತ್ತನೆಯ ವಚನ ಇಡೀ ಜನಾಂಗವನ್ನು ಹೆಸರಿಸುತ್ತದೆ. ಹನ್ನೊಂದನೆಯದು ಬೆಳೆಯನ್ನು ತಿನ್ನುವ ಹುಳದ ಬಗೆಗೂ ಕಾಯಿ ಉದುರದ ದ್ರಾಕ್ಷೆಯ ಬಗೆಗೂ ಮಾತಾಡುತ್ತದೆ. ಹನ್ನೆರಡನೆಯದು ನಾಡಿನ ಸಂತೋಷದ ಬಗೆಗೆ. ಮಳೆಯನ್ನು ನೆಚ್ಚಿದ ಒಂದು ನಾಡಿಗೆ ಮಾಡಿದ ವಾಗ್ದಾನವಿದು. ಮಳೆ ಒಬ್ಬನ ಹೊಲಕ್ಕೆ ಮಾತ್ರ ಬೀಳುವುದಿಲ್ಲವೆಂಬುದು ಬಯಲುಸೀಮೆಯ ರೈತನಿಗೆ ಹೇಳಿಕೊಡಬೇಕಾದ ಸಂಗತಿಯಲ್ಲ.

ಆದರೆ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಬಂಡಾರವನ್ನು ಕುರಿತದ್ದು. ಮಲಾಕಿಯನ ಕಾಲದಲ್ಲಿ ಆ ಬಂಡಾರ ಏಕೆ ಬರಿದಾಗಿತ್ತು? ಜನರು ಜಿಪುಣರಾದುದರಿಂದ ಎಂಬುದು ಅರ್ಧ ಉತ್ತರ. ಉಳಿದ ಅರ್ಧ ನೆಹೆಮೀಯನ ಹದಿಮೂರನೆಯ ಅಧ್ಯಾಯದಲ್ಲಿದೆ. ಇಬ್ಬರೂ ಹೆಚ್ಚುಕಡಮೆ ಒಂದೇ ಕಾಲದವರು. ಒಬ್ಬನ ದೂರಿಗೆ ಇನ್ನೊಬ್ಬನ ದಿನಚರಿಯಲ್ಲಿ ಹಿನ್ನೆಲೆ ಸಿಗುತ್ತದೆ.

ನೆಹೆಮೀಯನು ರಾಜನಾದ ಅರ್ತಷಸ್ತನ ಬಳಿಗೆ ಹೋಗಿದ್ದಾಗ ಯೆರೂಸಲೇಮಿನಲ್ಲಿ ಒಂದು ವ್ಯವಹಾರ ನಡೆಯಿತು. ದೇವಾಲಯದ ಕೊಠಡಿಗಳ ಮೇಲ್ವಿಚಾರಕನಾಗಿದ್ದ ಯಾಜಕ ಎಲ್ಯಾಷೀಬನು ಒಂದು ದೊಡ್ಡ ಕೊಠಡಿಯನ್ನು ತೋಬೀಯನಿಗೆ ಬಿಟ್ಟುಕೊಟ್ಟನು. ತೋಬೀಯನು ಪ್ರಭಾವಶಾಲಿ, ಗೋಡೆ ಕಟ್ಟುವಾಗ ಅಡ್ಡಿ ಮಾಡಿದವನು, ಆದರೂ ಯಾಜಕನಿಗೆ ನಂಟ. ಆ ಕೊಠಡಿ ಯಾವುದಕ್ಕೆಂದು ಇದ್ದದ್ದು? ಧೂಪ, ಪಾತ್ರೆಗಳು, ನೈವೇದ್ಯದ್ರವ್ಯಗಳ ಜೊತೆಗೆ ಧಾನ್ಯ, ದ್ರಾಕ್ಷಾರಸ, ಎಣ್ಣೆಗಳ ದಶಮಾಂಶವನ್ನು ಇಡುವುದಕ್ಕೆ. ಆ ದಶಮಾಂಶ ಯಾರಿಗೆ ಸಲ್ಲಬೇಕಾದದ್ದು? ಲೇವಿಯರಿಗೆ, ಗಾಯಕರಿಗೆ, ದ್ವಾರಪಾಲಕರಿಗೆ. ವಾಚಕರು ಈ ಕೊನೆಯ ಪದವನ್ನು ದಯವಿಟ್ಟು ನೆನಪಿನಲ್ಲಿಡಬೇಕು. ಬಾಗಿಲು ಕಾಯುವವನ ಊಟ ಆ ಕೊಠಡಿಯಲ್ಲಿತ್ತು. ಊಟ ಹೊರಗೆ ಹೋಯಿತು, ತೋಬೀಯನ ಸಾಮಾನು ಒಳಗೆ ಬಂತು. ಲೇವಿಯರೂ ಗಾಯಕರೂ ದೇವಾಲಯದ ಸೇವೆಯನ್ನು ಬಿಟ್ಟು ತಮ್ಮ ತಮ್ಮ ಹೊಲಗಳಿಗೆ ಓಡಿಹೋದರು.

ಹಿಂದಿರುಗಿ ಬಂದ ನೆಹೆಮೀಯನು ಏನು ಮಾಡಿದನೆಂಬುದನ್ನು ಅನುಕ್ರಮವಾಗಿ ಗಮನಿಸಬೇಕು. ಮೊದಲು ತೋಬೀಯನ ಮನೆಸಾಮಾನನ್ನೆಲ್ಲ ಹೊರಗೆ ಎಸೆದನು. ಕೊಠಡಿಗಳನ್ನು ಶುದ್ಧಿಮಾಡಿಸಿ ಪಾತ್ರೆಗಳನ್ನೂ ಧೂಪವನ್ನೂ ಮರಳಿ ಇರಿಸಿದನು. ಲೇವಿಯರಿಗೆ ಸಲ್ಲತಕ್ಕ ಪಾಲು ಸಂದಿಲ್ಲವೆಂದು ತಿಳಿದಾಗ ಗದರಿಸಿದ್ದು ಜನರನ್ನಲ್ಲ, ಅಧಿಕಾರಿಗಳನ್ನು. ಓಡಿಹೋದವರನ್ನು ಕರೆಸಿ ಅವರವರ ಸ್ಥಾನದಲ್ಲಿ ನಿಲ್ಲಿಸಿದನು. ಇಷ್ಟಾದ ಮೇಲೆ, ಹನ್ನೆರಡನೆಯ ವಚನದಲ್ಲಿ, ಯೆಹೂದ್ಯರೆಲ್ಲರೂ ದಶಮಾಂಶವನ್ನು ತಂದರು. ಜನರಿಗಾಗಿ ಒಂದು ಪ್ರಸಂಗ ನಡೆಯಿತೆಂದು ಅಲ್ಲಿ ಬರೆದಿಲ್ಲ. ಬಂಡಾರ ಶುದ್ಧವಾಯಿತು, ಹಂಚಿಕೆ ಸರಿಹೋಯಿತು, ಜನ ತಂದರು. ಕೂಡಲೇ ನೆಹೆಮೀಯನು ಬಂಡಾರವನ್ನು ಒಬ್ಬನ ಕೈಗೆ ಬಿಡದೆ ಒಬ್ಬ ಯಾಜಕನನ್ನೂ ಒಬ್ಬ ಲೇಖಕನನ್ನೂ ಒಬ್ಬ ಲೇವಿಯನನ್ನೂ ನೇಮಿಸಿ, ಹಾನಾನನೆಂಬವನನ್ನು ಅವರ ಸಹಾಯಕ್ಕೆ ಕೊಟ್ಟನು. ಅವರು ನಂಬಿಗಸ್ತರೆಂದು ಹೆಸರಾದವರು. ಅವರ ಕೆಲಸ ತಮ್ಮ ಸಹೋದರರಿಗೆ ಹಂಚುವುದು.

ಈಗ ನಮ್ಮ ಮನೆಯ ಕಡೆಗೆ ತಿರುಗೋಣ. ಮಿಷನರಿಗಳ ಕಾಲದಿಂದ ನಮಗೆ ಬಂದಿರುವ ಭೂಮಿ, ಶಾಲೆ, ವಸತಿನಿಲಯ, ಆಸ್ಪತ್ರೆಗಳು ನಾವು ಗಳಿಸಿದವುಗಳಲ್ಲ. ಪಟ್ಟಣಗಳ ನಡುವೆ ಇರುವ ಆ ನಿವೇಶನಗಳ ಬೆಲೆ ಇಂದು ನಮ್ಮ ಹಿರಿಯರ ಊಹೆಗೂ ಮೀರಿದ್ದು. ಯಾವ ಕಟ್ಟಡ ಯಾರಿಗೆ, ಎಷ್ಟು ವರ್ಷಕ್ಕೆ, ಎಷ್ಟು ಬಾಡಿಗೆಗೆ ಹೋಗಿದೆ ಎಂದು ಸಭಿಕನೊಬ್ಬನು ಕೇಳಿದರೆ ಅವನನ್ನು ಜಗಳಗಂಟನೆನ್ನುತ್ತೇವೆ. ಅದೇ ಸಭಿಕನ ದಶಮಾಂಶ ಮೂರು ತಿಂಗಳು ಬಾಕಿಯಾದರೆ ಅವನ ಹೆಸರನ್ನು ಸೂಚನಾಫಲಕಕ್ಕೆ ಹಚ್ಚಿದ್ದನ್ನೂ ನಾನು ಕಂಡಿದ್ದೇನೆ. ಅವನ ಲೆಕ್ಕ ಬಹಿರಂಗ, ನಮ್ಮ ಲೆಕ್ಕ ಗೋಪ್ಯ!

ಪೌಲನಿಗಿಂತ ನಾವು ಹೆಚ್ಚು ನಂಬಿಗಸ್ತರೋ? ಯೆರೂಸಲೇಮಿನ ಬಡವರಿಗಾಗಿ ಸಭೆಗಳಿಂದ ಹಣ ಕೂಡಿಸುವಾಗ ಆತನು ಅದನ್ನು ತಾನೊಬ್ಬನೇ ಕೊಂಡೊಯ್ಯಲಿಲ್ಲ. ಸಭೆಗಳೇ ಆರಿಸಿದ ಸಹೋದರನನ್ನು ತೀತನ ಜೊತೆಗೆ ಕಳುಹಿಸಿ, ಯಾರೂ ತಪ್ಪು ಹೊರಿಸದಂತೆ ಎಚ್ಚರವಹಿಸಿದನು. ಕರ್ತನ ದೃಷ್ಟಿಯಲ್ಲಿ ಮಾತ್ರವಲ್ಲ, ಮನುಷ್ಯರ ದೃಷ್ಟಿಯಲ್ಲಿಯೂ ಗೌರವವಾದದ್ದನ್ನು ಮಾಡುವುದು ತನ್ನ ಉದ್ದೇಶವೆಂದು ಹೇಳಿಕೊಂಡನು (2 ಕೊರಿಂಥ 8:18-21). 'ನಾವು ದೇವರಿಗೆ ಲೆಕ್ಕ ಕೊಡುತ್ತೇವೆ' ಎಂದು ವಾರ್ಷಿಕ ಸಭೆಯಲ್ಲಿ ಹೇಳಿ ಕುಳಿತುಕೊಳ್ಳುವ ಹಿರಿಯರು ಈ ಭಾಗವನ್ನು ಒಮ್ಮೆ ಓದಬಹುದು.

ಹಾಗಾದರೆ ಸಭೆ ನಡೆಯುವುದು ಹೇಗೆ, ಕೊಡುವುದನ್ನು ನಿಲ್ಲಿಸಬೇಕೋ ಎಂದು ಕೇಳುವವರಿದ್ದಾರೆ. ಇಲ್ಲ. ಸುವಾರ್ತೆಯನ್ನು ಸಾರುವವರು ಸುವಾರ್ತೆಯಿಂದ ಜೀವನಮಾಡಬೇಕೆಂಬುದು ಕರ್ತನ ನೇಮಕವೇ. ಮರುಗ, ಸೋಪು, ಜೀರಿಗೆಗಳಲ್ಲಿಯೂ ದಶಮಾಂಶ ಎಣಿಸಿಕೊಟ್ಟು ನ್ಯಾಯವನ್ನು ಮರೆತ ಶಾಸ್ತ್ರಿಗಳನ್ನು ಯೇಸು ಖಂಡಿಸಿದಾಗಲೂ ದಶಮಾಂಶವನ್ನು ಬಿಡಿರೆಂದು ಹೇಳಲಿಲ್ಲ. ಆದರೆ ಧರ್ಮಶಾಸ್ತ್ರದ ಅಕ್ಷರವನ್ನೇ ಹಿಡಿಯುವುದಾದರೆ ಪೂರ್ತಿಯಾಗಿ ಹಿಡಿಯೋಣ. ಧರ್ಮೋಪದೇಶಕಾಂಡದ ಹದಿನಾಲ್ಕನೆಯ ಅಧ್ಯಾಯದಂತೆ ಕೊಟ್ಟವನು ತನ್ನ ದಶಮಾಂಶವನ್ನು ಮನೆಯವರೊಂದಿಗೆ ದೇವರ ಸನ್ನಿಧಿಯಲ್ಲಿ ಕುಳಿತು ಊಟಮಾಡಬೇಕು (ಇದನ್ನು ಬೋಧಿಸಿದ ಸಭಾಪಾಲಕರನ್ನು ನಾನಿನ್ನೂ ಕಂಡಿಲ್ಲ). ಮೂರನೆಯ ವರ್ಷದ್ದನ್ನು ಊರಲ್ಲಿಯೇ ಇರಿಸಿ ಲೇವಿಯ, ಪರದೇಶಿ, ಅನಾಥ, ವಿಧವೆಯರು ತಿಂದು ತೃಪ್ತರಾಗುವಂತೆ ಬಿಡಬೇಕು. ನಮ್ಮ ಆಯವ್ಯಯ ಪಟ್ಟಿಯಲ್ಲಿ ಈ ನಾಲ್ವರ ಹೆಸರಿಗೆ ಎಷ್ಟು ಬರೆದಿದ್ದೇವೆಂದು ಖಜಾಂಚಿಯವರು ತೋರಿಸಲಿ.

ನಮ್ಮ ನಾಡಿನ ಸಭೆ ಆದಾಯದ ಪ್ರಶ್ನೆಯನ್ನು ಮೊದಲು ಎದುರಿಸಿದ್ದು ಕಾಣಿಕೆಯ ಮೂಲಕವಲ್ಲವೆಂಬುದೂ ನೆನಪಿರಬೇಕು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಕ್ರೈಸ್ತರಾದವರಿಗೆ ಜಾತಿಯೊಂದಿಗೆ ಕಸುಬೂ ತಪ್ಪಿಹೋಗುವುದನ್ನು ಕಂಡರು. ನೇಯ್ಗೆಯ ಮಗ್ಗಗಳು ಬಂದದ್ದು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಎದ್ದದ್ದು ಇದರ ಫಲವಾಗಿಯೇ. ಆ ವ್ಯವಸ್ಥೆ ನಿರ್ದೋಷವಾಗಿತ್ತೆಂದು ನಾನು ವಾದಿಸುವುದಿಲ್ಲ. ಉಪದೇಶಿಸುವವನೇ ಸಂಬಳ ಕೊಡುವ ಯಜಮಾನನೂ ಆದಲ್ಲಿ ಹುಟ್ಟುವ ಇಕ್ಕಟ್ಟುಗಳು ಅಲ್ಲಿಯೂ ಹುಟ್ಟಿದವು. ಮೊದಲನೆಯ ಮಹಾಯುದ್ಧದ ನಂತರ ಆ ಕಾರ್ಖಾನೆಗಳು ಮಿಷನ್ನಿನ ಕೈತಪ್ಪಿದವು. ಆದರೂ ಸಭಿಕನಿಂದ ಹತ್ತನೆಯ ಪಾಲನ್ನು ಕೇಳುವುದಕ್ಕೆ ಮುಂಚೆ ಅವನಿಗೆ ಹತ್ತು ಪಾಲು ಎಲ್ಲಿಂದ ಬರಬೇಕೆಂದು ಅವರು ಯೋಚಿಸಿದರು. ಆ ಕಾರ್ಖಾನೆಯ ಹೆಂಚಿನ ಕೆಳಗೆ ಕುಳಿತು ಆರಾಧಿಸಿದ ನಾವು ಆ ಯೋಚನೆಯನ್ನು ಎಲ್ಲಿಯೋ ಕಳೆದುಕೊಂಡೆವು.

ಇಷ್ಟು ಬರೆಯುವುದಕ್ಕೆ ನನಗೆ ಅಧಿಕಾರವಿಲ್ಲವೆಂಬುದನ್ನು ಈಗ ಒಪ್ಪಿಕೊಳ್ಳಬೇಕಾಗಿದೆ. ನಾನು ಅನೇಕ ವರ್ಷ ಒಂದು ಸಭೆಯ ಕಮಿಟಿಯಲ್ಲಿದ್ದವನು. ಒಂದು ವರ್ಷ ಸುಗ್ಗಿ ಹಬ್ಬದ ಹರಾಜಿನಲ್ಲಿ ಒಳ್ಳೆಯ ಮೊತ್ತ ಕೂಡಿತು. ನಂತರದ ಕಮಿಟಿಯಲ್ಲಿ ಗೋಪುರಕ್ಕೆ ಹೊಸ ದೀಪಾಲಂಕಾರ ಮಾಡಿಸುವ ವಿಷಯ ಹತ್ತು ನಿಮಿಷದಲ್ಲಿ ಅಂಗೀಕಾರವಾಯಿತು. ಮುಂದಿನ ವಿಷಯ ದೇವಾಲಯದ ಸೇವಕನ ಸಂಬಳ. ಗುಡಿಸುವುದು, ಗಂಟೆ ಬಾರಿಸುವುದು, ರಾತ್ರಿ ಬಾಗಿಲು ಕಾಯುವುದು ಎಲ್ಲವೂ ಅವನದೇ. ಅವನು ಕೊಟ್ಟ ಮನವಿ ಅದು ಮೂರನೆಯದು. ಹಿರಿಯರೊಬ್ಬರು ಅವನದು ದೇವರ ಸೇವೆ, ಅದನ್ನು ಕೂಲಿಯೆಂದು ಎಣಿಸಬಾರದೆಂದರು. ವಿಷಯವನ್ನು ಮುಂದೂಡಲು ಕೈ ಎತ್ತಿದವರಲ್ಲಿ ನಾನೂ ಒಬ್ಬ.

ಬಡ ವಿಧವೆಯ ಎರಡು ಕಾಸುಗಳ ಮೇಲೆ ನಾವು ಎಷ್ಟೋ ಪ್ರಸಂಗ ಕೇಳಿದ್ದೇವೆ. ಅಲ್ಲಿಯೂ ಕತ್ತರಿಯ ಕೆಲಸವಿದೆ. ಮಾರ್ಕನ ಹನ್ನೆರಡನೆಯ ಅಧ್ಯಾಯದಲ್ಲಿ ಆಕೆ ಬರುವುದಕ್ಕೆ ಸ್ವಲ್ಪವೇ ಮೊದಲು ಯೇಸು ವಿಧವೆಯರ ಮನೆಗಳನ್ನು ನುಂಗುವ ಶಾಸ್ತ್ರಿಗಳ ವಿಷಯದಲ್ಲಿ ಎಚ್ಚರಿಸಿದ್ದಾನೆ. ಆಕೆ ಕಾಸು ಹಾಕಿ ಹೋದ ಬೆನ್ನಿಗೇ ಶಿಷ್ಯನೊಬ್ಬನು ದೇವಾಲಯದ ದೊಡ್ಡ ಕಲ್ಲುಗಳನ್ನು ಹೊಗಳಿ, ಅವುಗಳಲ್ಲಿ ಒಂದೂ ನಿಲ್ಲದೆಂಬ ಉತ್ತರ ಪಡೆದಿದ್ದಾನೆ. ನುಂಗುವವರಿಗೂ ಕಲ್ಲುಗಳಿಗೂ ನಡುವೆ ಆಕೆ ನಿಂತಿದ್ದಾಳೆ. ಆಕೆಯ ತ್ಯಾಗವನ್ನು ಹೊಗಳಿ, ಆಕೆಯ ಬಳಿ ಎರಡೇ ಕಾಸು ಉಳಿದದ್ದು ಹೇಗೆಂದು ಕೇಳದೆ ಬಿಡುವ ಪ್ರಸಂಗವನ್ನು ಆ ಶಾಸ್ತ್ರಿಗಳೂ ಸಂತೋಷದಿಂದ ಕೇಳುತ್ತಿದ್ದರು.

ಆ ಕಮಿಟಿಯ ಮರುವಾರ ಲೆಕ್ಕ ಸರಿನೋಡುವ ಕೆಲಸ ನನ್ನ ಪಾಲಿಗೆ ಬಂತು. ದಶಮಾಂಶದ ಪುಸ್ತಕವನ್ನು ತೆರೆದೆ. ಕಮಿಟಿಯ ಸದಸ್ಯರಲ್ಲಿ ಹಲವರ ಹೆಸರಿನ ಮುಂದೆ ಖಾಲಿ ಮನೆಗಳಿದ್ದವು. ನನ್ನ ಹೆಸರಿನ ಮುಂದೆ ಎರಡು. ದೇವಾಲಯದ ಸೇವಕನ ಹೆಸರು ಕೊನೆಯ ಪುಟದಲ್ಲಿತ್ತು. ಜನವರಿಯಿಂದ ಡಿಸೆಂಬರದ ವರೆಗೆ ಹನ್ನೆರಡು ತಿಂಗಳೂ ಒಂದೇ ಅಂಕೆ. ಅವನಿಗೆ ನಾವು ಕೊಡುತ್ತಿದ್ದ ಸಂಬಳದ ಸರಿಯಾದ ಹತ್ತನೆಯ ಒಂದು ಪಾಲು. ಅದನ್ನು ಕೂಡಿಸಿ, ಸರಿಯಿದೆಯೆಂದು ಕೆಳಗೆ ನಾನೇ ರುಜು ಹಾಕಿದೆ.