ನಕ್ಷೆ ಬರೆಯುವ ಕೈ ಯಾರದು?

ಸಿಇಟಿ ಫಲಿತಾಂಶ ಬಂತೆಂದರೆ ನಮ್ಮ ಹಾಸ್ಟೆಲುಗಳಲ್ಲಿ ಕೇಳೋದು ಒಂದೇ ಪ್ರಶ್ನೆ: 'ಸಿಎಸ್ ಸಿಗುತ್ತಾ?' ಸಿಕ್ಕಿದವನು ಗೆದ್ದ. ಸಿವಿಲ್ಲೋ ಮೆಕ್ಯಾನಿಕಲ್ಲೋ ಸಿಕ್ಕಿದವನು ಸೋತ. ಡಿಪ್ಲೊಮಾ ಮಾಡೋನು ಲೆಕ್ಕಕ್ಕೇ ಇಲ್ಲ. ಈ ಲೆಕ್ಕ ಹಾಕಿಕೊಟ್ಟವರು ಯಾರು? ಕೂಲಿ ಮಾಡಿ ನಮ್ಮನ್ನು ಓದಿಸುತ್ತಿರುವ ಅಪ್ಪ ಅವ್ವಂದಿರಂತೂ ಅಲ್ಲ.

ಮೂರು ತಲೆಮಾರಿನಿಂದ ಎಂಜಿನಿಯರುಗಳಿರುವ ಮನೆಗಳನ್ನು ನೋಡಿ. ಅಲ್ಲಿ ಮಾವ ಹೇಳಿಕೊಡ್ತಾನೆ, ದೊಡ್ಡಪ್ಪ ಹೇಳಿಕೊಡ್ತಾನೆ. ಯಾವ ಇಲಾಖೆಗೆ ಯಾವ ಬ್ರಾಂಚು, ಯಾವ ಪರೀಕ್ಷೆಗೆ ಯಾವ ವರ್ಷದಿಂದ ಓದಬೇಕು ಎಂಬುದೆಲ್ಲ ಅಲ್ಲಿ ಊಟದ ಹೊತ್ತಿನ ಮಾತು. ಜಮೀನಿನ ಹಾಗೆ ಇದೂ ಒಂದು ಆಸ್ತಿ. ಅಪ್ಪನಿಂದ ಮಗನಿಗೆ ಸದ್ದಿಲ್ಲದೆ ದಾಟುತ್ತದೆ. ನಮ್ಮ ಕೇರಿಗೆ ಆ ಆಸ್ತಿ ಬರಲಿಲ್ಲ. ಅದನ್ನು ನಾವು ನಾವೇ ಹಂಚಿಕೊಳ್ಳಬೇಕು. ಈ ಸಂಚಿಕೆಯಲ್ಲಿ ಆ ಕೆಲಸ ಮಾಡುತ್ತಿದ್ದೇವೆ.

ಮೊದಲು ಒಂದು ಮಾತು. ಎಂಜಿನಿಯರಿಂಗ್ ಎಂಬುದು ಬರೀ ಸಂಬಳದ ವಿಷಯವಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಓಡಿ ಕೋಲಾರದ ಚಿನ್ನದ ಗಣಿ ಮುಟ್ಟಿತು. ದಾರಿಯಲ್ಲಿದ್ದ ಹಟ್ಟಿಗಳ ಮೇಲೆ ಹಾದುಹೋಯಿತು, ಹಟ್ಟಿಯೊಳಗೆ ಇಳಿಯಲಿಲ್ಲ. ಗಣಿಯ ಆಳಕ್ಕೆ ಇಳಿದವರಲ್ಲಿ ಹೆಚ್ಚಿನವರು ನಮ್ಮ ಜನವೇ. ತಂತಿ ಎಲ್ಲಿಂದ ಎಲ್ಲಿಗೆ ಹೋಗಬೇಕು ಎಂದು ಗೆರೆ ಎಳೆದವರು ಬೇರೆ. ಇವತ್ತಿಗೂ ಊರಿನ ಕಾಂಕ್ರೀಟು ರಸ್ತೆ ಕೇರಿಯ ಬಾಯಿಗೆ ಬಂದು ನಿಲ್ಲುವುದನ್ನು, ನಲ್ಲಿಯ ಪೈಪು ಕೊನೆಯ ಮನೆಗಳಿಗೆ ಬರುವ ಹೊತ್ತಿಗೆ ಸಣ್ಣದಾಗುವುದನ್ನು ನಾವು ಕಂಡಿದ್ದೇವೆ. ಅದು ತಾನಾಗೇ ಆಗೋದಲ್ಲ. ಯಾರೋ ಅಂದಾಜು ಪಟ್ಟಿ ಮಾಡಿದರು, ಯಾರೋ ನಕ್ಷೆ ಬರೆದರು, ಯಾರೋ ರುಜು ಹಾಕಿದರು.

ಬಾಬಾಸಾಹೇಬರಿಗೆ ಇದು ಚೆನ್ನಾಗಿ ಗೊತ್ತಿತ್ತು. 1927ರಲ್ಲಿ ಮಹಾಡ್‌ನ ಚವದಾರ್ ಕೆರೆಯ ನೀರು ಮುಟ್ಟಿದ ಅವರು 1942ರಿಂದ 1946ರವರೆಗೆ ವೈಸರಾಯ್ ಕಾರ್ಯಕಾರಿ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದರು. ನೀರಾವರಿ, ವಿದ್ಯುತ್ ಎರಡೂ ಅವರ ಖಾತೆಗೇ ಸೇರಿದ್ದವು. ಕೆರೆಯ ನೀರು ಮುಟ್ಟಬಾರದು ಅನ್ನಿಸಿಕೊಂಡ ಮನುಷ್ಯ ದಾಮೋದರ ಕಣಿವೆಯ ಯೋಜನೆ ರೂಪಿಸುವ ಸಭೆಗಳಲ್ಲಿ ಅಧ್ಯಕ್ಷರಾಗಿ ಕೂತರು. ಇವತ್ತಿನ ಕೇಂದ್ರ ಜಲ ಆಯೋಗದ ಬೇರು ಅವರ ಕಾಲದಲ್ಲಿ, 1945ರಲ್ಲಿ, ಹುಟ್ಟಿದ ಸಂಸ್ಥೆಯಲ್ಲಿದೆ. ನಾವು ತಿಂಗಳುಗಟ್ಟಲೆ ಕಾಯುವ ಪೋಸ್ಟ್ ಮೆಟ್ರಿಕ್ ಸ್ಕಾಲರ್‌ಶಿಪ್ಪು ಶುರುವಾದದ್ದೂ ಆ ವರ್ಷಗಳಲ್ಲೇ, 1944ರಲ್ಲಿ. ನೀರು ಕೇಳುವುದರ ಜೊತೆಗೆ ನೀರಿನ ನಕ್ಷೆ ಬರೆಯುವ ಜಾಗಕ್ಕೂ ಹೋಗಬೇಕು. ಅವರ ಬದುಕು ಹೇಳುವುದು ಇದನ್ನೇ.

ಈಗ ಬಾಗಿಲುಗಳ ಮಾತು.

ಎಸ್ಸೆಸ್ಸೆಲ್ಸಿ ಮುಗಿಸಿ ಐಟಿಐ ಸೇರಿದ ತಮ್ಮಂದಿರು 'ನಮ್ಮ ಓದು ಇಲ್ಲಿಗೆ ಮುಗೀತು' ಅಂದುಕೊಳ್ಳಬೇಡಿ. ಎರಡು ವರ್ಷದ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರಬಹುದು. ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಬರೆದು ಬಿಇ ಎರಡನೇ ವರ್ಷಕ್ಕೇ ನೇರವಾಗಿ ಹೋಗಬಹುದು. ಪಿಯುಸಿ ವಿಜ್ಞಾನದಲ್ಲಿ ಎಡವಿದವರಿಗೂ ಈ ದಾರಿ ತೆರೆದಿದೆ. ಸ್ವಲ್ಪ ಸುತ್ತಿನ ದಾರಿ, ಆದರೆ ಕೈ ಪಳಗಿಸುವ ದಾರಿ. ಓದು ಮುಗಿದ ಮೇಲೆ 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಒಂದು ವರ್ಷ ಕಾರ್ಖಾನೆಯಲ್ಲೋ ಇಲಾಖೆಯಲ್ಲೋ ಸ್ಟೈಪೆಂಡ್ ಪಡೆದು ಕೆಲಸ ಕಲಿಯಬಹುದು.

ಸಿವಿಲ್ ಸಿಕ್ಕಿತೆಂದು ಅಳುವವರು ಕೇಳಿ. ರಸ್ತೆ, ಸೇತುವೆ, ನಾಲೆ, ಕುಡಿಯುವ ನೀರು, ಪಂಚಾಯ್ತಿ ಕಾಮಗಾರಿ ಇವೆಲ್ಲದರ ಎಇ, ಜೆಇ ಹುದ್ದೆಗಳಲ್ಲಿ ಹೆಚ್ಚಿನವು ನಿಮ್ಮ ಬ್ರಾಂಚಿಗೇ. ಎಲೆಕ್ಟ್ರಿಕಲ್‌ನವರಿಗೆ ಕೆಪಿಟಿಸಿಎಲ್ ಇದೆ, ಎಸ್ಕಾಂಗಳಿವೆ. ಡಿಪ್ಲೊಮಾದವರಿಗೆ ಎಸ್‌ಎಸ್‌ಸಿ ಮತ್ತು ರೈಲ್ವೆಯ ಜೆಇ ಪರೀಕ್ಷೆಗಳಿವೆ. ಯುಪಿಎಸ್‌ಸಿ ನಡೆಸುವ ಎಂಜಿನಿಯರಿಂಗ್ ಸರ್ವಿಸಸ್ ಪರೀಕ್ಷೆಯ ಹೆಸರೇ ನಮ್ಮ ಎಷ್ಟೋ ಹಾಸ್ಟೆಲುಗಳಲ್ಲಿ ಕೇಳಿಬರೋದಿಲ್ಲ. ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್ ಈ ನಾಲ್ಕೇ ವಿಭಾಗ ಅದರಲ್ಲಿ. ಎಲ್ಲರೂ ಹಿಂದೆ ಬಿದ್ದಿರುವ ಕಂಪ್ಯೂಟರ್ ಸೈನ್ಸಿಗೆ ಅಲ್ಲಿ ಪ್ರತ್ಯೇಕ ಪತ್ರಿಕೆಯೇ ಇಲ್ಲ. ಪರಿಶಿಷ್ಟರಿಗೂ ಹೆಣ್ಣುಮಕ್ಕಳಿಗೂ ಅರ್ಜಿ ಶುಲ್ಕವಿಲ್ಲ.

ಗೇಟ್ ಪರೀಕ್ಷೆಯನ್ನು ಬಿಇ ಮೂರನೇ ವರ್ಷದಿಂದಲೇ ಬರೆಯಬಹುದು. ನಮಗೆ ಶುಲ್ಕ ಅರ್ಧ, ಅರ್ಹತಾ ಅಂಕದಲ್ಲೂ ರಿಯಾಯಿತಿ ಇದೆ. ಆ ಒಂದು ಅಂಕಪಟ್ಟಿ ಎರಡು ಕಡೆ ಕೆಲಸಕ್ಕೆ ಬರುತ್ತದೆ. ಹಲವು ಸಾರ್ವಜನಿಕ ಉದ್ದಿಮೆಗಳು ಅದನ್ನೇ ನೋಡಿ ಎಂಜಿನಿಯರುಗಳನ್ನು ಆರಿಸಿಕೊಳ್ಳುತ್ತವೆ. ಐಐಎಸ್ಸಿ, ಐಐಟಿ, ಎನ್‌ಐಟಿಗಳಲ್ಲಿ ಎಂಟೆಕ್ ಓದಲು ತಿಂಗಳ ಸ್ಟೈಪೆಂಡ್ ಸಿಗುತ್ತದೆ. 'ಮನೇಲಿ ಕಷ್ಟ, ಮುಂದೆ ಓದೋಕಾಗಲ್ಲ' ಅನ್ನುವ ತಂಗಿ ತಮ್ಮಂದಿರು ಇದನ್ನು ಎರಡು ಸಲ ಓದಿಕೊಳ್ಳಿ. ಅಲ್ಲಿಂದ ಸಂಶೋಧನೆಗೆ, ಕಾಲೇಜು ಮೇಷ್ಟರ ಕೆಲಸಕ್ಕೆ ದಾರಿಯಿದೆ. ನಮ್ಮ ಹುಡುಗರು ವೈವಾದಲ್ಲಿ ನಡುಗೋದು ಕಡಿಮೆಯಾಗಬೇಕಾದರೆ ಮೇಜಿನ ಆ ಕಡೆಯೂ ನಮ್ಮವರು ಕೂತಿರಬೇಕು.

ಗುತ್ತಿಗೆದಾರಿಕೆಯೂ ಒಂದು ಬಾಗಿಲೇ. ನಮ್ಮವರು ಕಲ್ಲು ಹೊತ್ತರು, ಜಲ್ಲಿ ಒಡೆದರು, ಬಿಲ್ಲು ಬೇರೆಯವರ ಹೆಸರಿಗೆ ಆಯಿತು. 2017ರಲ್ಲಿ ಬಂದ ಕಾನೂನಿನಿಂದ ನಮ್ಮ ರಾಜ್ಯದಲ್ಲಿ 50 ಲಕ್ಷದವರೆಗಿನ ಸರ್ಕಾರಿ ಕಾಮಗಾರಿಗಳಲ್ಲಿ ಶೇಕಡ 24.1 ಭಾಗ ಪರಿಶಿಷ್ಟ ಜಾತಿ, ಪಂಗಡದ ಗುತ್ತಿಗೆದಾರರಿಗೆ ಮೀಸಲಾಯಿತು. ಆಮೇಲೆ ಆ ಮಿತಿ ಕೋಟಿಗೆ ಏರಿತು. ನಮ್ಮವರ ಲೈಸೆನ್ಸು ಮುಂದಿಟ್ಟು ಹಿಂದೆ ಬೇರೆಯವರು ಉಣ್ಣುವುದೂ ನಡೆಯುತ್ತದೆ. ಅಂದಾಜು ಪಟ್ಟಿ, ಅಳತೆ ಪುಸ್ತಕ ಓದಲು ಬರುವ ನಮ್ಮ ಸಿವಿಲ್ ಹುಡುಗರು ಈ ಕೆಲಸಕ್ಕೆ ಇಳಿದರೆ ಆ ಆಟ ನಿಲ್ಲುತ್ತದೆ.

ಹಂಗಂತ ಸಾಫ್ಟ್‌ವೇರನ್ನು ನಾವು ಹಳಿಯುತ್ತಿಲ್ಲ. ಅದರ ಸಂಬಳದಿಂದ ಎಷ್ಟೋ ಕುಟುಂಬಗಳ ಸಾಲ ತೀರಿದೆ, ತಂಗಿಯರ ಓದು ಸಾಗಿದೆ. ಇಷ್ಟವಿದ್ದವರು ಧೈರ್ಯವಾಗಿ ಹೋಗಿ. ಆದರೆ ಕಣ್ಣು ಬಿಟ್ಟುಕೊಂಡು ಹೋಗಿ. ಸಂವಿಧಾನದ 16(4)ನೇ ವಿಧಿ ಕೆಲಸ ಮಾಡುವುದು ಸರ್ಕಾರದ ಹುದ್ದೆಗಳಲ್ಲಿ, ಖಾಸಗಿ ಕಂಪನಿಯ ಗೇಟಿನೊಳಗೆ ಅಲ್ಲ. 2007ರಲ್ಲಿ ಸುಖದೇವ ಥೋರಟ್ ಮತ್ತು ಪಾಲ್ ಅಟ್ಟೆವೆಲ್ ಪ್ರಕಟಿಸಿದ ಅಧ್ಯಯನ ನೆನಪಿರಲಿ. ಒಂದೇ ವಿದ್ಯಾರ್ಹತೆ ಇಟ್ಟು ಹೆಸರು ಮಾತ್ರ ಬದಲಿಸಿ ಖಾಸಗಿ ಕೆಲಸಗಳಿಗೆ ಅರ್ಜಿ ಹಾಕಿದಾಗ, ದಲಿತ ಹೆಸರಿನ ಅರ್ಜಿಗಳಿಗೆ ಬಂದ ಕರೆ ಮೇಲ್ಜಾತಿ ಹೆಸರಿನವಕ್ಕಿಂತ ಕಡಿಮೆ. 'ಅಲ್ಲಿ ಮೆರಿಟ್ ಒಂದೇ ನೋಡ್ತಾರೆ' ಅನ್ನುವವರಿಗೆ ಇದನ್ನು ತೋರಿಸಿ.

ಇನ್ನು ಬ್ಯಾಕ್‌ಲಾಗ್. ಈ ಪದಕ್ಕೆ ಎರಡು ಅರ್ಥ. ಹಾಸ್ಟೆಲಿನಲ್ಲಿ ಬ್ಯಾಕ್‌ಲಾಗ್ ಅಂದರೆ ಉಳಿದುಹೋದ ಗಣಿತದ ಪೇಪರು. ಅದನ್ನು ಹೇಳಿಕೊಳ್ಳಲು ನಾಚಿ ನಮ್ಮ ಹುಡುಗರು ಕ್ಲಾಸಿಗೇ ಹೋಗದೆ ಕೂರುತ್ತಾರೆ. ಸರ್ಕಾರದಲ್ಲಿ ಬ್ಯಾಕ್‌ಲಾಗ್ ಅಂದರೆ ನಮಗೆ ಮೀಸಲಿಟ್ಟು ತುಂಬದೆ ಉಳಿಸಿದ ಹುದ್ದೆ. ಅದಕ್ಕೆ ನಾಚಬೇಕಾದವರು ಆರಾಮವಾಗಿದ್ದಾರೆ. ಮೊದಲನೆಯದನ್ನು ನಾವು ಕೂತು ಓದಿ ತೀರಿಸೋಣ. ಎರಡನೆಯದನ್ನು ಬೀದಿಗಿಳಿದು ಕೇಳೋಣ. ಕಾಯಂ ಹುದ್ದೆ ಖಾಲಿ ಬಿಟ್ಟು ಹೊರಗುತ್ತಿಗೆಯಲ್ಲಿ ಕೆಲಸ ತೆಗೆಸುವುದು ಹೆಚ್ಚಿದಷ್ಟೂ ಈ ಬಾಗಿಲುಗಳು ಕಿರಿದಾಗುತ್ತವೆ. ಪರೀಕ್ಷೆಗೆ ಓದುವವನೂ ಹೋರಾಟಕ್ಕೆ ಬರಬೇಕು, ಹೋರಾಟಕ್ಕೆ ಬರುವವನೂ ಪರೀಕ್ಷೆಗೆ ಓದಬೇಕು.

ಕೊನೆಗೆ ಮ್ಯಾನ್‌ಹೋಲಿನ ಮಾತು. ಮಲ ಹೊರಿಸುವುದನ್ನು ನಿಷೇಧಿಸಿ 1993ರಲ್ಲಿ ಕಾನೂನು ಬಂತು, 2013ರಲ್ಲಿ ಇನ್ನೊಂದು ಬಂತು. ಗುಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ಕೊಡಿ ಎಂದು 2014ರಲ್ಲಿ ಸುಪ್ರೀಂ ಕೋರ್ಟು ಹೇಳಿತು, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಮ್ಯಾನ್‌ಹೋಲಿಗೆ ಮನುಷ್ಯನ ಬದಲು ಇಳಿಯುವ 'ಬ್ಯಾಂಡಿಕೂಟ್' ಯಂತ್ರವನ್ನು ಕೇರಳದ ಎಳೆಯ ಎಂಜಿನಿಯರುಗಳು ಮಾಡಿ, ತಿರುವನಂತಪುರದಲ್ಲಿ ಅದು ಕೆಲಸಕ್ಕೆ ಬಂದದ್ದು 2018ರಲ್ಲಿ. ಚಂದ್ರನ ಕಡೆಗೆ ಈ ದೇಶ ನೌಕೆ ಕಳಿಸಿದ್ದು 2008ರಲ್ಲಿ! ಚಂದ್ರನಿಗೆ ಹೋಗಲು ಬಂದ ವಿದ್ಯೆ ಹತ್ತಡಿ ಗುಂಡಿಗೆ ಇಳಿಯಲು ಹತ್ತು ವರ್ಷ ತಡವಾಯಿತು. ಗುಂಡಿಗೆ ಇಳಿಯುವವನ ಮಗ, ಮಗಳು ಯಂತ್ರ ಮಾಡುವ ಮೇಜಿನ ಬಳಿ ಇದ್ದಿದ್ದರೆ ಇಷ್ಟು ತಡವಾಗುತ್ತಿತ್ತೇ?

ಆದ್ದರಿಂದ ಗೆಳೆಯರೇ, ಪ್ರತಿ ಹಾಸ್ಟೆಲಿನಲ್ಲೂ ಊಟದ ಹಾಲಿನ ಗೋಡೆಯ ಮೇಲೆ ಒಂದು ಹಾಳೆ ಅಂಟಿಸಿ. ಯಾವ ಪರೀಕ್ಷೆ, ಯಾವ ಬ್ರಾಂಚಿಗೆ, ಕೊನೆಯ ದಿನಾಂಕ ಯಾವುದು ಎಂದು ಬರೆಯಿರಿ. ಕೆಲಸಕ್ಕೆ ಸೇರಿದ ಅಣ್ಣ ಅಕ್ಕಂದಿರನ್ನು ತಿಂಗಳಿಗೊಮ್ಮೆ ಭಾನುವಾರ ಕರೆಸಿ ಕೂರಿಸಿ. ಬಾರದಿದ್ದರೆ ಮನೆಗೇ ಹೋಗಿ ಎಳೆದು ತನ್ನಿ. ಗಣಿತ ಬಂದವನು ಬಾರದವನಿಗೆ ಹೇಳಿಕೊಡಲಿ. ಬ್ರಾಂಚು ಯಾವುದಾದರೂ ಆಗಲಿ, ಆರಿಸಿಕೊಳ್ಳುವ ಮುಂಚೆ ಎಲ್ಲ ಬಾಗಿಲೂ ತಟ್ಟಿ ನೋಡಿ. ನಾಳೆ ನಿಮ್ಮ ಕೈಯಲ್ಲಿ ನಕ್ಷೆ ಬಂದಾಗ ಪೈಪಿನ ಗೆರೆಯನ್ನು ಕೇರಿಯ ಕೊನೆಯ ಮನೆಯವರೆಗೆ ಎಳೆಯಿರಿ.

ಜೈಭೀಮ್.