ಅರಿವಿನ ಸರಣಿ, ಭಾಗ 4: ಬುದ್ಧ ಅಂದ್ರ ‘ಸೂಪರ್ ಮೈಂಡ್’ ಅಲ್ಲ

ರೋಣ, ನರಗುಂದ, ಗಜೇಂದ್ರಗಡದ ಗೆಳೆಯ-ಗೆಳತಿಯರೇ, ‘ಕಾನ್ಶಿಯಸ್‌ನೆಸ್ ಲೆವೆಲ್ ಹೆಚ್ಚಿಸ್ಕೊಳ್ರಿ, ಬುದ್ಧನಂಗ ಆಗ್ರಿ’ ಅನ್ನೋ ರೀಲ್ಸ್ ನಿಮ್ಮ ಫೀಡಿಗೂ ಬರ್ತಾವಲ್ಲ? ಹಿಂದ ಬುದ್ಧನ ಮೂರ್ತಿ, ತಲಿ ಸುತ್ತ ನೀಲಿ ಬೆಳಕು, ಕೆಳಗ ಕೋರ್ಸಿನ ಲಿಂಕ್. ಪರೀಕ್ಷೆ, ರಿಸಲ್ಟ್ ಅಂತ ತಲಿ ಕೆಟ್ಟವರಿಗೇ ಇವು ಜಾಸ್ತಿ ನಾಟತಾವ. ನನ್ನ ಅಭಿಪ್ರಾಯ ನೇರವಾಗಿ ಹೇಳ್ತೀನಿ: ಈ ರೀಲ್ಸ್ ಮಾರೋ ಬುದ್ಧ ಬೌದ್ಧ ಗ್ರಂಥಗಳಲ್ಲಿ ಸಿಗಲ್ಲ.

1. ಬೆಂಕಿ ಮತ್ತು ಉರುವಲು

ಪಾಳಿಯ ಮಜ್ಝಿಮ ನಿಕಾಯದಲ್ಲಿ ಸಾತಿ ಅನ್ನೋ ಭಿಕ್ಷು ಬರ್ತಾನೆ, ಮೀನುಗಾರನ ಮಗ. ಅದೇ ಅರಿವು ಬದಲಾಗದೆ ಜನ್ಮದಿಂದ ಜನ್ಮಕ್ಕೆ ಓಡಾಡುತ್ತದೆ ಅನ್ನೋದು ಅವನ ವಾದ. ಬುದ್ಧ ಒಪ್ಪಲಿಲ್ಲ. ಕಟ್ಟಿಗೆ ಉರಿದರೆ ಅದು ಕಟ್ಟಿಗೆ ಬೆಂಕಿ, ಹುಲ್ಲು ಉರಿದರೆ ಹುಲ್ಲಿನ ಬೆಂಕಿ, ಸಗಣಿ ಉರಿದರೆ ಸಗಣಿಯ ಬೆಂಕಿ. ಹಾಗೆಯೇ ಕಣ್ಣು ಮತ್ತು ರೂಪ ಕೂಡಿದಾಗ ಕಣ್ಣಿನ ಅರಿವು, ಕಿವಿ ಮತ್ತು ಶಬ್ದ ಕೂಡಿದಾಗ ಕಿವಿಯ ಅರಿವು. ಉರುವಲು ಇಲ್ಲದ ಬೆಂಕಿ ಇಲ್ಲ, ಕಾರಣ ಇಲ್ಲದ ಅರಿವೂ ಇಲ್ಲ.

ಅಂದ್ರ ಅರಿವು ಮೊಬೈಲ್ ಬ್ಯಾಟರಿ ಅಲ್ಲ, 20ರಿಂದ 100ಕ್ಕೆ ಚಾರ್ಜ್ ಮಾಡಾಕ. ಅದು ಕ್ಷಣಕ್ಷಣಕ್ಕೂ ನಡೀತಿರೋ ಕೆಲಸ. ಒಂದು ಮಾರ್ಕ್ಸ್ ಕಾರ್ಡ್ ನೋಡಿ ‘ನಾನು ಇಷ್ಟ’ ಅಂತ ತೀರ್ಮಾನ ಮಾಡ್ತೀವಲ್ಲ, ಆ ಗಟ್ಟಿಯಾದ ‘ನಾನು’ ಎಲ್ಲಿ ಹುಡುಕಿದರೂ ಸಿಗಲ್ಲ. ಹಂಗಂತ ಓದೋದು ಬಿಡ್ರಿ ಅಂತಲ್ಲ. ಉರುವಲು ಬದಲಾದ್ರ ಬೆಂಕಿನೂ ಬದಲಾಗ್ತೈತಿ. ಏನು ಓದ್ತೀರಿ, ಯಾರ ಜೋಡಿ ಇರ್ತೀರಿ, ರಾತ್ರಿ ಏನು ಸ್ಕ್ರೋಲ್ ಮಾಡ್ತೀರಿ, ಅದೇ ನಿಮ್ಮ ಉರುವಲು.

2. ಹಂಗಾದ್ರ ಬುದ್ಧನಿಗೆ ಆಗಿದ್ದೇನು?

ನಿರ್ವಾಣ ಅಂದರೆ ಆರುವುದು. ಆರೋದು ರಾಗ, ದ್ವೇಷ, ಮೋಹ ಅನ್ನೋ ಮೂರು ಬೆಂಕಿ. ಮೈ ಮಾತ್ರ ಮೈಯೇ. ಬೆನ್ನು ನೋಯ್ತೈತಿ ಅಂತ ಉಪದೇಶದ ಕೆಲಸ ಆನಂದನಿಗೆ ಒಪ್ಪಿಸಿ ಬುದ್ಧ ಮಲಗಿದ ಪ್ರಸಂಗ ಗ್ರಂಥಗಳಲ್ಲೇ ಐತಿ. 80ನೇ ವಯಸ್ಸಿನಲ್ಲಿ ತನ್ನ ದೇಹವನ್ನು, ಪಟ್ಟಿ ಬಿಗಿದು ಹೇಗೋ ನಡೆಸುವ ಹಳೇ ಬಂಡಿಗೆ ಹೋಲಿಸಿದ. ನಮ್ಮ ಕಡೆ ಹಳೇ ಚಕ್ಕಡಿ ಅನ್ರಿ. ಜ್ಞಾನೋದಯ ಆದವರು ಸತ್ತ ಮೇಲೆ ಎಲ್ಲಿಗೆ ಹೋಗ್ತಾರೆ ಅಂತ ವಚ್ಛಗೋತ್ತ ಕೇಳಿದಾಗ, ಆರಿದ ಬೆಂಕಿ ಯಾವ ದಿಕ್ಕಿಗೆ ಹೋಯಿತು ಹೇಳು ಅಂತ ತಿರುಗಿ ಕೇಳಿದ. ಪ್ರಶ್ನೆಯೇ ಇಲ್ಲಿ ಹೊಂದಲ್ಲ ಅನ್ನೋದು ಉತ್ತರ.

3. ಡಂಬಳದ ತಾರೆ

ಇದೇನು ದೂರದ ಮಾತಲ್ಲ. ನಮ್ಮದೇ ಗದಗ ಜಿಲ್ಲೆಯ ಡಂಬಳದಲ್ಲಿ 1095ರ ಒಂದು ಶಾಸನ ಐತಿ, ಕಲ್ಯಾಣ ಚಾಲುಕ್ಯರ 6ನೇ ವಿಕ್ರಮಾದಿತ್ಯನ ಕಾಲದ್ದು. 16 ಮಂದಿ ಸೆಟ್ಟಿಗಳು ಅಲ್ಲಿ ಕಟ್ಟಿಸಿದ ಬೌದ್ಧ ವಿಹಾರ, ತಾರಾದೇವಿ, ಜೊತೆಗೆ ಲಕ್ಕುಂಡಿಯ ಇನ್ನೊಂದು ವಿಹಾರ, ಎಲ್ಲಾ ಅದರೊಳಗ ಬರ್ತಾವ. ಕಟ್ಟಿಸಿದವರು ಸನ್ಯಾಸಿಗಳಲ್ಲ, ವ್ಯಾಪಾರಿಗಳು!

ಈ ತಾರೆ ಯಾರು? ಮಹಾಯಾನದ ಬೋಧಿಸತ್ವೆ. ಹೆಸರಿನ ಅರ್ಥವೇ ದಾಟಿಸುವವಳು. ಟಿಬೆಟಿನ ಕಥೆಯೊಂದರಲ್ಲಿ ಆಕೆ ಮೊದಲು ರಾಜಕುಮಾರಿ. ‘ಮುಂದಿನ ಜನ್ಮದಲ್ಲಿ ಗಂಡಾಗು ಅಂತ ಬೇಡಿಕೋ’ ಅಂತ ಭಿಕ್ಷುಗಳು ಹೇಳ್ತಾರೆ. ಗಂಡು-ಹೆಣ್ಣು ಅನ್ನೋದೇ ಬರೀ ಹೆಸರು ಅಂತ ಆಕೆ ತಿರುಗಿ ಹೇಳಿ, ಸಂಸಾರ ಮುಗಿಯೋವರೆಗೂ ಹೆಣ್ಣಾಗೇ ಇದ್ದು ಎಲ್ಲರಿಗೂ ನೆರವಾಗ್ತೀನಿ ಅಂತ ಸಂಕಲ್ಪ ಮಾಡ್ತಾಳೆ. ನಮ್ಮ ಕ್ಲಾಸಿನ ಹುಡುಗಿಯರು ಇದನ್ನ ಸ್ಕ್ರೀನ್‌ಶಾಟ್ ತಗೊಳ್ರಿ.

4. ಎಲ್ಲಾ ಗೊತ್ತು ಅಂದವರು ಯಾರು?

2013ರ ಜನವರಿಯಲ್ಲಿ ಮುಂಡಗೋಡದ ಟಿಬೆಟಿಯನ್ ವಸಾಹತಿನ ಡ್ರೆಪುಂಗ್ ಮಠದಲ್ಲಿ ದಲಾಯಿ ಲಾಮಾ ಮತ್ತು ವಿಜ್ಞಾನಿಗಳು ಮನಸ್ಸು, ಮಿದುಳಿನ ಬಗ್ಗೆ ದಿನಗಟ್ಟಲೆ ಚರ್ಚೆ ಮಾಡಿದರು. ಮಿದುಳಿನ ವಿಜ್ಞಾನಿ ಕ್ರಿಸ್ಟೋಫ್ ಕೋಖ್ ಕೂಡ ಬಂದಿದ್ದರು. ಮಿದುಳಿಲ್ಲದೆ ಅರಿವು ಇರಬಹುದೇ ಅನ್ನೋ ಮಾತಿನಲ್ಲಿ ಬೌದ್ಧ ಪರಂಪರೆಗೂ ಬಹುಪಾಲು ಮಿದುಳು ವಿಜ್ಞಾನಿಗಳಿಗೂ ಇವತ್ತಿಗೂ ಹೊಂದಾಣಿಕೆ ಇಲ್ಲ. ಜೀವನಪೂರ್ತಿ ಇದನ್ನೇ ಓದಿದವರು ಕುಂತು ವಾದ ಮಾಡ್ತಾರ. 30 ಸೆಕೆಂಡಿನ ರೀಲ್‌ಗೆ ಮಾತ್ರ ಎಲ್ಲಾ ಗೊತ್ತು!

ನನ್ನ ಮಾಪು ಒಂದೇ. ಯಾವುದೇ ಕೋರ್ಸ್, ಗುರು, ಧ್ಯಾನದ ಆ್ಯಪ್ ಇರಲಿ, ಅದರಿಂದ ನಿಮ್ಮ ‘ನಾನು, ನಂದು’ ಇಳೀತೈತೋ ಏರ್ತೈತೋ ನೋಡ್ರಿ. ‘ನಾನು ಎಚ್ಚೆತ್ತವ, ಉಳಿದವರು ನಿದ್ದಿಯೊಳಗ ಅದಾರ’ ಅನ್ನಿಸಾಕ ಶುರುವಾದ್ರ, ಅದು ಜ್ಞಾನೋದಯ ಅಲ್ಲ, ಜಂಭ. ಫೇಲಾದ ದೋಸ್ತನ ಬಾಜೂ ಹೋಗಿ ಕುಂತು ಒಂದು ಚಾಪ್ಟರ್ ಹೇಳಿಕೊಟ್ರ, ಅದು ತಾರೆಯ ದಾರಿಯ ಮೊದಲ ಹೆಜ್ಜಿ.

ಒಪ್ಪಲ್ವಾ? ಕಾಮೆಂಟಿನೊಳಗ ವಾದಕ್ಕ ಬರ್ರಿ, ಬೈಗುಳ ಬ್ಯಾಡ. ಭಾಗ 5: ಕೊಪ್ಪಳದ ಗವಿಮಠದ ಅಶೋಕನ ಶಾಸನ.