ಲೆಕ್ಕ ಬಲ್ಲವರ ಪೋಕರ್

‘ಪೋಕರ್ ಜೂಜಲ್ಲ, ಲೆಕ್ಕ’ ಎನ್ನುವ ನಮ್ಮ ಇಂಜಿನಿಯರ್ ಹುಡುಗರು ಡೊಂಬಿವಲಿ ಲೋಕಲ್ಲಿನಲ್ಲಿ ದಿನವೂ ಸಿಗುತ್ತಾರೆ. ಲೆಕ್ಕವೇನೋ ಸರಿ. ಕಾಣುವ ಐದು ಎಲೆಗಳಲ್ಲಿ ನಾಲ್ಕು ಆಟೀನ್ ಇದ್ದರೆ, ಉಳಿದ 47ರಲ್ಲಿ ಆಟೀನ್ 9. ಇನ್ನೆರಡು ಎಲೆ ಬೀಳುವಷ್ಟರಲ್ಲಿ ಐದನೆಯದು ಬರುವ ಸಾಧ್ಯತೆ ಸುಮಾರು ಶೇ. 35. ಅಂದರೆ ನೂರರಲ್ಲಿ 65 ಸಲ ಬರುವುದಿಲ್ಲ. ಹತ್ತು ಸಾವಿರ ಕಳೆದ ಮೇಲೆ, ರಾತ್ರಿ ಒಂದು ಗಂಟೆಗೆ, ಆ 65 ಯಾರಿಗೆ ನೆನಪಿರುತ್ತದೆ? ಆಗ ಸಿಟ್ಟೇ ಪಣ ಕಟ್ಟುತ್ತದೆ. ಆಟಗಾರರೇ ಅದಕ್ಕೆ ‘ಟಿಲ್ಟ್’ ಎಂದು ಹೆಸರಿಟ್ಟಿದ್ದಾರೆ. ಗೆದ್ದವನ ದುಡ್ಡಿನಲ್ಲೂ ‘ರೇಕ್’ ಎಂದು ಕಂಪನಿಗೆ ಪಾಲು ಬೇರೆ!

2025ರ ಆಗಸ್ಟಿನಲ್ಲಿ ಸಂಸತ್ತು ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿದಾಗ ‘ಕೌಶಲಕ್ಕೆ ಅನ್ಯಾಯ’ ಎಂದು ಇವರು ಗೊಣಗಿದರು. ಸೋತಾಗ ಫೋನ್ ಕೆಳಗಿಡುವ ಕೌಶಲ ಎಷ್ಟು ಜನರಲ್ಲಿತ್ತು ಸ್ವಾಮಿ? ಸ್ಟ್ಯಾಟಿಸ್ಟಿಕ್ಸ್ ಓದಿದ ನನ್ನಲ್ಲಂತೂ ಇರಲಿಲ್ಲ. ಆ ತಿಂಗಳು ಠಾಣೆಯ ಖೋಲಿಯ ಬಾಡಿಗೆಯನ್ನು ಊರಿನಿಂದ ಅಣ್ಣ ಕಳಿಸಿದ.